ಅಧ್ಯಾಪಕನ ಕಾಯಕ ಮತ್ತು ಅಂತರಂಗದ ಅರಿವು

ಕಾಯಕವೆಂದರೆ ಕೇವಲ ಕೈಯ ದುಡಿಮೆಯಲ್ಲ. ಮನವು ಒಡಗೂಡಿದ ದುಡಿಮೆ. ಕೈ ಒಂದೆಡೆ, ಮನ ಒಂದೆಡೆ ಇದ್ದರೆ ಅದು ಕೆಲಸವಾದೀತು, ಕಾಯಕವಾಗದು. ಈ ಮಾತು ನೇಯುವವನಿಗೂ ಉಳುವವನಿಗೂ ಸಲ್ಲುವಂತೆ ಮಹಾವಿದ್ಯಾಲಯದ ಅಧ್ಯಾಪಕನಿಗೂ ಸಲ್ಲುತ್ತದೆ. ಅಧ್ಯಾಪಕನಿಗಾದರೋ ಇದು ಇನ್ನೂ ಕಠಿನ. ನೇಕಾರನ ಮುನಿಸು ಮಗ್ಗಕ್ಕೆ ತಿಳಿಯದು. ಗುರುವಿನ ಮುನಿಸೂ ಬೇಸರವೂ ಎದುರಿಗೆ ಕುಳಿತ ವಿದ್ಯಾರ್ಥಿಗೆ ಕ್ಷಣದಲ್ಲಿ ತಿಳಿಯುತ್ತವೆ.

ಮನಶ್ಶಾಸ್ತ್ರಜ್ಞರೂ ಈ ವಿಷಯವನ್ನು ವಿಚಾರಿಸಿದ್ದಾರೆ. ಅಮೆರಿಕದ ಪೀಟರ್ ಸಾಲೋವೆ ಮತ್ತು ಜಾನ್ ಮೇಯರ್ ಎಂಬವರು ೧೯೯೦ರಲ್ಲಿ ‘ಭಾವನಾತ್ಮಕ ಬುದ್ಧಿಮತ್ತೆ’ಯನ್ನು ನಿರೂಪಿಸಿದರು. ತನ್ನ ಭಾವಗಳನ್ನೂ ಪರರ ಭಾವಗಳನ್ನೂ ಗುರುತಿಸಿ, ಅವುಗಳ ಭೇದವನ್ನರಿತು, ಆ ಅರಿವಿನಂತೆ ನಡೆಯುವುದೇ ಅದರ ಲಕ್ಷಣ. ನೆದರ್‌ಲೆಂಡಿನ ವಿಲ್ಮಾರ್ ಷೌಫೆಲಿ ಮತ್ತು ಸಂಗಡಿಗರು ೨೦೦೨ರಲ್ಲಿ ವೃತ್ತಿತನ್ಮಯತೆಗೆ ಉತ್ಸಾಹ, ನಿಷ್ಠೆ, ತಲ್ಲೀನತೆ ಎಂಬ ಮೂರು ಅಂಗಗಳನ್ನು ಹೇಳಿದರು. ಮೊದಲಿನ ಗುಣವುಳ್ಳ ಅಧ್ಯಾಪಕರಲ್ಲಿ ಈ ತನ್ಮಯತೆಯೂ ಹೆಚ್ಚೆಂದು ಹಲವು ಅಧ್ಯಯನಗಳಲ್ಲಿ ಕಂಡಿದೆ. ಆದರೆ ತನ್ಮಯತೆಗೆ ಅದೊಂದೇ ಕಾರಣವೆಂದು ತಿಳಿಯಬಾರದು.

ಭಾವವನ್ನು ಅರಿಯುವುದೆಂದರೆ ಅದನ್ನು ಅದುಮುವುದಲ್ಲ. ಕುಮಟಾ ತಾಲೂಕಿನ ಮಿರ್ಜಾನದ ಸೀಮೆಯಲ್ಲಿ ಅಘನಾಶಿನಿಯ ದಡದ ಗಜನಿ ಗದ್ದೆಗಳನ್ನು ನೋಡಿದವರಿಗೆ ಇದು ಸುಲಭವಾಗಿ ತಿಳಿದೀತು. ಸಮುದ್ರದ ಉಬ್ಬರವನ್ನು ರೈತನು ಇಲ್ಲವಾಗಿಸಲಾರ. ಅವನು ಕಟ್ಟೆ ಹಾಕಿ, ತೂಬಿನ ಬಾಗಿಲನ್ನು ಕಾಲವರಿತು ಮುಚ್ಚಿ ತೆರೆದು, ಉಪ್ಪನ್ನು ತಾಳುವ ಕಗ್ಗ ಭತ್ತವನ್ನು ಬೆಳೆಯುತ್ತ ಬಂದಿದ್ದಾನೆ. ತೂಬು ಸದಾ ತೆರೆದಿದ್ದರೆ ಉಪ್ಪುನೀರು ನುಗ್ಗುವುದು. ಸದಾ ಮುಚ್ಚಿದ್ದರೆ ಒಳಗಿನ ಮಳೆನೀರಿಗೆ ದಾರಿಯಿಲ್ಲ. ಕೋಪತಾಪಗಳ ಉಬ್ಬರಕ್ಕೂ ಇದೇ ನ್ಯಾಯ.

ಮುನಿಸು ಪರರನ್ನು ತಟ್ಟುವ ಮೊದಲು ಮುನಿದವನನ್ನೇ ಕೆಡಿಸುವುದೆಂದು ಬಸವಣ್ಣನವರು ಎಚ್ಚರಿಸಿದ್ದಾರೆ. ಹಳ್ಳಿಯ ಶಾಲೆಯಲ್ಲಿ ಕನ್ನಡದಲ್ಲೇ ಕಲಿತು ಪಟ್ಟಣದ ಕಾಲೇಜಿಗೆ ಬಂದ ಹುಡುಗನೊಬ್ಬನು ಇಂಗ್ಲಿಷಿನ ಪಾಠದಲ್ಲಿ ಪ್ರಶ್ನೆಗೆ ಉತ್ತರಿಸದೆ ತಲೆತಗ್ಗಿಸಿ ನಿಲ್ಲುತ್ತಾನೆ. ತನ್ನ ಮನವನ್ನರಿಯದ ಅಧ್ಯಾಪಕನು ಆ ಮೌನವನ್ನು ಉದ್ಧಟತನವೆಂದು ಬಗೆದು ಗದರುತ್ತಾನೆ. ಅರಿತವನಾದರೋ, ಈ ಸಿಟ್ಟು ಹುಡುಗನಿಂದ ಬಂದುದೋ, ತಾನೇ ಮನೆಯಿಂದ ಹೊತ್ತು ತಂದುದೋ ಎಂದು ಮೊದಲು ತನ್ನನ್ನೇ ಕೇಳಿಕೊಳ್ಳುತ್ತಾನೆ. ಆಗ ಮೌನದ ಹಿಂದಿನ ಅಂಜಿಕೆ ಅವನಿಗೆ ಕಾಣುತ್ತದೆ; ಪಾಠವು ಅಲ್ಲಿಂದ ಮೊದಲಾಗುತ್ತದೆ.

ಇಲ್ಲಿ ಒಂದು ಶಂಕೆ ಏಳಬಹುದು. ಮನವನ್ನು ಗೆದ್ದವನಿಗೆ ಸಂಬಳದ ಚಿಂತೆಯೇಕೆ? ಗಂಡನು ಹೆಚ್ಚಾಗಿ ಆಯ್ದು ತಂದ ಅಕ್ಕಿಯನ್ನು ಹಿಂದಕ್ಕೆ ಕಳುಹಿಸಿದ ಆಯ್ದಕ್ಕಿ ಲಕ್ಕಮ್ಮನ ಕಥೆ ಎಲ್ಲರಿಗೂ ಗೊತ್ತು. ಅವಳು ನಿರಾಕರಿಸಿದ್ದು ಹೆಚ್ಚಿನದನ್ನು. ಅಂದಿನ ದಾಸೋಹಕ್ಕೆ ಬೇಕಾದುದನ್ನಲ್ಲ. ಕರ್ನಾಟಕದ ಸರಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಸಾವಿರಾರು ಅತಿಥಿ ಉಪನ್ಯಾಸಕರು ತಾತ್ಕಾಲಿಕ ನೇಮಕದ ಮೇಲೆ ಪಾಠ ಹೇಳುತ್ತ ಬಂದಿದ್ದಾರೆ. ೨೦೨೨ರಲ್ಲಿ ಅವರ ಗೌರವಧನ ಹೆಚ್ಚಿತಾದರೂ ಅದರೊಡನೆ ಕೆಲಸದ ಭದ್ರತೆ ಬರಲಿಲ್ಲ. ನಾಳಿನ ಅನ್ನದ ಚಿಂತೆಯುಳ್ಳವರಿಗೆ ಸಂಯಮವನ್ನಷ್ಟೇ ಬೋಧಿಸಿ ಸುಮ್ಮನಾಗುವುದು ಕಾಯಕತತ್ತ್ವಕ್ಕೆ ಸಲ್ಲದು. ಕಾಯಕವನ್ನು ಪಡೆಯುವ ಸಮಾಜಕ್ಕೆ ಕಾಯಕಜೀವಿಯ ಹೊಣೆಯೂ ಉಂಟು.

ಆದುದರಿಂದ ಅಧ್ಯಾಪಕನು ತರಗತಿಯ ಹೊಸ್ತಿಲಲ್ಲಿ ಒಂದು ಕ್ಷಣ ನಿಂತು ತನ್ನ ಮನವನ್ನು ನೋಡಿಕೊಳ್ಳಲಿ. ವಿದ್ಯಾಸಂಸ್ಥೆಗಳನ್ನು ನಡೆಸುವವರು ಅವನ ನ್ಯಾಯವಾದ ಪ್ರತಿಫಲವನ್ನು ಕಾಲಕ್ಕೆ ಸರಿಯಾಗಿ ಸಲ್ಲಿಸಲಿ. ಗೃಹಸ್ಥರಾದ ಭಕ್ತರು ಮಕ್ಕಳೆದುರಿಗೆ ಗುರುವನ್ನು ಹಗುರವಾಗಿ ಆಡದಿರಲಿ. ಈ ಮೂರೂ ಕೂಡಿದಲ್ಲಿ ವಿದ್ಯಾದಾನವು ನಿಜವಾದ ಕಾಯಕವಾಗುವುದು.