ಲೆಕ್ಕದ ಹಾಳೆಯಲ್ಲಿ ಮೊತ್ತದ ಬದಲು ಸೂತ್ರವೇ ಕಂಡಾಗ



ಗ್ರಾಮ ಪಂಚಾಯತಿಯ ಅಧಿಕೃತ ಲೆಕ್ಕವು ಪಂಚತಂತ್ರ ತಂತ್ರಾಂಶದಲ್ಲಿದ್ದರೂ, ಸಭೆಯ ಮುಂದೆ ಇಡುವ ಸಾರಾಂಶ ಪಟ್ಟಿಗಳನ್ನು ಎಕ್ಸೆಲ್‌ನಂತಹ ಸ್ಪ್ರೆಡ್‌ಶೀಟಿನಲ್ಲಿ ಸಿದ್ಧಪಡಿಸುವುದು ರೂಢಿಯಲ್ಲಿದೆ. ಇಂತಹ ಹಾಳೆಯಲ್ಲಿ ಆಗಾಗ್ಗೆ ಕಾಣುವ ಒಂದು ದೋಷವನ್ನೂ ಅದರ ಪರಿಹಾರವನ್ನೂ ಈ ಪಾಠದಲ್ಲಿ ವಿವರಿಸಲಾಗಿದೆ.

ಒಂದು ಸನ್ನಿವೇಶವನ್ನು ಊಹಿಸಿಕೊಳ್ಳೋಣ. ಜಮಾಬಂದಿಯ ಹಿಂದಿನ ಸಂಜೆ, ಕಾರ್ಯದರ್ಶಿಯವರು ತೆರಿಗೆಯ ಬೇಡಿಕೆ-ವಸೂಲಿ-ಬಾಕಿ ತಃಖ್ತೆಯನ್ನು ಪೆನ್‌ಡ್ರೈವಿನಲ್ಲಿ ತಂದು, ಮೈಸೂರಿನ ಕೃಷ್ಣಮೂರ್ತಿಪುರಂನ ಮುದ್ರಣದಂಗಡಿಯೊಂದರಲ್ಲಿ ಪ್ರತಿ ತೆಗೆಸುತ್ತಾರೆ. ಒಟ್ಟು ವಸೂಲಿಯ ಸ್ಥಳದಲ್ಲಿ ಅಂಕಿಯ ಬದಲು =ಸಮ್(ಸಿ2:ಸಿ6) ಎಂದು ಅಚ್ಚಾಗಿದೆ. (ಗಣಕದಲ್ಲಿ ಇದನ್ನು ಇಂಗ್ಲಿಷ್ ಅಕ್ಷರಗಳಲ್ಲಿ ನಮೂದಿಸಬೇಕು.) ಲೆಕ್ಕ ಹಾಕಬೇಕಾದ ಸೂತ್ರವನ್ನು ಗಣಕವು ಬರಿಯ ಪಠ್ಯವೆಂದು ಭಾವಿಸಿದೆ.

ದೋಷದ ಮೂಲ

ಸ್ವತ್ತಿನ ಸಂಖ್ಯೆ 12/3 ಎಂದು ನಮೂದಿಸಿದರೆ ಎಕ್ಸೆಲ್ ಅದನ್ನು ದಿನಾಂಕವಾಗಿ ಮಾರ್ಪಡಿಸುತ್ತದೆ. ಇದನ್ನು ತಪ್ಪಿಸಲು ಸಿಬ್ಬಂದಿಯು ಕೋಶಗಳ ಸ್ವರೂಪವನ್ನು ‘ಟೆಕ್ಸ್ಟ್’ ಎಂದು ಬದಲಿಸುತ್ತಾರೆ. ಸ್ವತ್ತಿನ ಸಂಖ್ಯೆಯ ಕಾಲಂಗೆ ಇದು ಸರಿಯಾದ ಕ್ರಮ. ಆದರೆ ಇಡೀ ಹಾಳೆಗೆ ಅದನ್ನೇ ಅನ್ವಯಿಸಿದರೆ, ಅನಂತರ ನಮೂದಿಸಿದ ಸೂತ್ರವೂ ಹಣದ ಅಂಕಿಯೂ ಪಠ್ಯವಾಗಿ ಉಳಿಯುತ್ತವೆ.

ಪರಿಶೀಲನೆಯ ಕ್ರಮ

1. ಹಾಳೆಯ ಎಲ್ಲ ಸೂತ್ರಗಳೂ ಒಮ್ಮೆಗೇ ಕಾಣುತ್ತಿವೆಯೇ? ಹಾಗಿದ್ದಲ್ಲಿ ‘ಶೋ ಫಾರ್ಮುಲಾಸ್’ ಚಾಲನೆಯಲ್ಲಿರುವ ಸಂಭವವಿದೆ. ‘ಫಾರ್ಮುಲಾಸ್’ ಪಟ್ಟಿಯಲ್ಲಿ ಅದನ್ನು ಮತ್ತೊಮ್ಮೆ ಒತ್ತಿದರೆ ಮೊತ್ತಗಳು ಮರಳುತ್ತವೆ.

2. ಕೆಲವು ಕೋಶಗಳಲ್ಲಿ ಮಾತ್ರ ಕಾಣುತ್ತಿವೆಯೇ? ಕೋಶವನ್ನು ಆರಿಸಿ, ಮೇಲಿನ ಸೂತ್ರಪಟ್ಟಿಯನ್ನು ನೋಡಿರಿ. ಸಮ ಚಿಹ್ನೆಯ ಮುಂದೆ ಖಾಲಿ ಜಾಗವಾಗಲಿ, ಒಂಟಿ ಉದ್ಧರಣ ಚಿಹ್ನೆಯಾಗಲಿ ಇದ್ದರೆ ಅಳಿಸಿರಿ. ಸಮ ಚಿಹ್ನೆಯೇ ಇಲ್ಲದಿದ್ದರೆ ಸೇರಿಸಿರಿ.

3. ಇವಾವುವೂ ಇಲ್ಲದಿದ್ದರೆ ಸ್ವರೂಪವನ್ನು ‘ಜನರಲ್’ ಎಂದು ಬದಲಿಸಿರಿ. ಇಷ್ಟರಿಂದಲೇ ಸೂತ್ರ ಎಚ್ಚೆತ್ತುಕೊಳ್ಳದು. ಎಫ್2 ಒತ್ತಿ, ಬಳಿಕ ಎಂಟರ್ ಒತ್ತಬೇಕು.

4. ಇಡೀ ಕಾಲಂ ಹೀಗಿದ್ದರೆ, ಸ್ವರೂಪ ಬದಲಿಸಿದ ಬಳಿಕ ಕಾಲಂ ಅನ್ನು ಆರಿಸಿ, ‘ಡಾಟಾ’ ಪಟ್ಟಿಯ ‘ಟೆಕ್ಸ್ಟ್ ಟು ಕಾಲಮ್ಸ್’ನಲ್ಲಿ ‘ಫಿನಿಶ್’ ಒತ್ತಿರಿ. ಸ್ವತ್ತಿನ ಸಂಖ್ಯೆಯ ಕಾಲಂಗೆ ಇದನ್ನು ಮಾಡಬಾರದು.

ಕಣ್ಣಿಗೆ ಬೀಳದ ದೋಷ

ಸೂತ್ರವೇ ಅಚ್ಚಾದರೆ ಯಾರಾದರೂ ಗಮನಿಸುತ್ತಾರೆ. ಹಣದ ಅಂಕಿ ಪಠ್ಯವಾಗಿದ್ದರೆ ಹಾಗಲ್ಲ. ‘ಸಮ್’ ಸೂತ್ರವು ಅಂತಹ ಅಂಕಿಯನ್ನು ಯಾವ ಎಚ್ಚರಿಕೆಯನ್ನೂ ನೀಡದೆ ಕೈಬಿಡುತ್ತದೆ. ಐದು ಮನೆಗಳ ಕಲ್ಪಿತ ಪಟ್ಟಿಯೊಂದನ್ನು ನೋಡಿರಿ (ರೂಪಾಯಿಗಳಲ್ಲಿ):

ಮನೆ 1: ಬೇಡಿಕೆ 1,200, ವಸೂಲಿ 1,200, ಬಾಕಿ 0
ಮನೆ 2: ಬೇಡಿಕೆ 850, ವಸೂಲಿ 500, ಬಾಕಿ 350
ಮನೆ 3: ಬೇಡಿಕೆ 640, ವಸೂಲಿ 640, ಬಾಕಿ 0
ಮನೆ 4: ಬೇಡಿಕೆ 1,500; ವಸೂಲಿ 1,000; ಬಾಕಿ 500
ಮನೆ 5: ಬೇಡಿಕೆ 910, ವಸೂಲಿ 600, ಬಾಕಿ 310

ಒಟ್ಟು ಬೇಡಿಕೆ 5,100, ವಸೂಲಿ 3,940, ಬಾಕಿ 1,160. ನಾಲ್ಕನೆಯ ಮನೆಯ ವಸೂಲಿ 1,000 ಪಠ್ಯವಾಗಿದೆಯೆಂದು ಭಾವಿಸಿರಿ. ಆಗ ಒಟ್ಟು ವಸೂಲಿ 2,940 ಎಂದು ಬರುತ್ತದೆ. ಆದರೆ ಅದೇ ಸಾಲಿನ ಬಾಕಿ 500 ಎಂದು ಸರಿಯಾಗಿಯೇ ಇರುತ್ತದೆ. ಏಕೆಂದರೆ ನೇರವಾಗಿ ಕಳೆಯುವಾಗ ಎಕ್ಸೆಲ್ ಪಠ್ಯರೂಪದ ಅಂಕಿಯನ್ನೂ ಸಂಖ್ಯೆಯಾಗಿ ಪರಿಗಣಿಸುತ್ತದೆ. ಆದ್ದರಿಂದ ಸಾಲುಗಳನ್ನಷ್ಟೇ ಓದಿದವರಿಗೆ ತಪ್ಪು ತಿಳಿಯುವುದಿಲ್ಲ. ಪಾವತಿಸಿದ ಕುಟುಂಬದ ಕೈಯಲ್ಲಿ ರಸೀದಿಯಿದೆ, ಸಭೆಯ ಮುಂದಿನ ಮೊತ್ತದಲ್ಲಿ ಆ ಹಣವಿಲ್ಲ; ಸಂದೇಹ ಮಾತ್ರ ಕರ ವಸೂಲಿಗಾರರ ಮೇಲೆ ಬೀಳುತ್ತದೆ.

ಸದಸ್ಯರು ಮಾಡಬಹುದಾದ ಪರೀಕ್ಷೆ

ಗಣಕ ಬಾರದವರೂ ಈ ತಪ್ಪನ್ನು ಹಿಡಿಯಬಹುದು. ಮುದ್ರಿತ ಪ್ರತಿಯಲ್ಲಿ ಒಟ್ಟು ಬೇಡಿಕೆಯಿಂದ ಒಟ್ಟು ವಸೂಲಿಯನ್ನು ಕಳೆಯಿರಿ. ಉತ್ತರವು ಒಟ್ಟು ಬಾಕಿಗೆ ಸಮನಾಗಿರಬೇಕು. ಮೇಲಿನ ಉದಾಹರಣೆಯಲ್ಲಿ 5,100ರಿಂದ 2,940 ಕಳೆದರೆ 2,160, ಪಟ್ಟಿಯಲ್ಲಿರುವುದು 1,160. ವ್ಯತ್ಯಾಸವಾದ 1,000 ರೂಪಾಯಿಯೇ ಕೈಬಿಟ್ಟ ಅಂಕಿಯನ್ನು ತೋರಿಸಿಕೊಡುತ್ತದೆ. ಬಾಕಿಯ ಮೊತ್ತವನ್ನೂ ಇದೇ ಒಟ್ಟುಗಳಿಂದ ಕಳೆದು ಬರೆದಿದ್ದರೆ ಈ ಪರೀಕ್ಷೆ ಸಾಲದು. ಆಗ ಮನೆವಾರು ಬಾಕಿಗಳನ್ನು ಕೂಡಿ ನೋಡಬೇಕು.

ಗಣಕದ ಪರದೆಯಲ್ಲಿ ಪಠ್ಯವಾದ ಅಂಕಿಯು ಸಾಮಾನ್ಯವಾಗಿ ಕೋಶದ ಎಡಕ್ಕೂ, ನಿಜವಾದ ಸಂಖ್ಯೆಯು ಬಲಕ್ಕೂ ನಿಲ್ಲುತ್ತದೆ. ಕೋಶದ ಮೂಲೆಯಲ್ಲಿ ಹಸಿರು ತ್ರಿಕೋನ ಕಂಡರೆ ಅಲ್ಲಿ ‘ಕನ್ವರ್ಟ್ ಟು ನಂಬರ್’ ಆರಿಸಬಹುದು.

ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರ 199ನೇ ಪ್ರಕರಣದನ್ವಯ ತೆರಿಗೆ ವಿಧಿಸುವ ಅಧಿಕಾರ ಗ್ರಾಮ ಪಂಚಾಯತಿಗಿದೆ. ವಿಧಿಸಿದ ತೆರಿಗೆಯ ಲೆಕ್ಕ ಸರಿಯಾಗಿದೆಯೇ ಎಂದು ನೋಡುವುದೂ ಆ ಹೊಣೆಯ ಭಾಗ. ತಃಖ್ತೆಗೆ ಒಪ್ಪಿಗೆ ನೀಡುವ ಮುನ್ನ ಈ ಒಂದು ಕಳೆಯುವ ಲೆಕ್ಕವನ್ನು ಮಾಡಿರಿ. ಹೊಂದದಿದ್ದರೆ ಮೂಲ ಹಾಳೆಯನ್ನು ತೆರೆದು ತೋರಿಸುವಂತೆ ಪಂಚಾಯತಿ ಅಭಿವೃದ್ಧಿ ಅಧಿಕಾರಿಯವರನ್ನು ಕೋರಿರಿ.

ಅಭ್ಯಾಸ: ತಮ್ಮ ಪಂಚಾಯತಿಯ ಕಳೆದ ತಿಂಗಳ ತಃಖ್ತೆಯನ್ನು ತೆಗೆದುಕೊಂಡು ಮೂರು ಮೊತ್ತಗಳು ಹೊಂದುತ್ತವೆಯೇ ಎಂದು ಪರಿಶೀಲಿಸಿರಿ.