ಬೇಳೆ ಬೇಯುವ ಬಗೆ

ಸಂಜೆ ದಣಿದು ಬಂದವರಿಗೆ ಬಿಸಿ ಅನ್ನ, ತೊಗರಿಬೇಳೆಯ ಸಾರು ಇದ್ದರೆ ಸಾಕು. ಆದರೆ ಬೇಳೆ ಬೇಯಬೇಕಲ್ಲ! ತೆರೆದ ಪಾತ್ರೆಯಲ್ಲಿ ನೀರು ಕುದಿಯತೊಡಗಿದ ಮೇಲೆ ಉರಿಯನ್ನು ಎಷ್ಟು ಹೆಚ್ಚಿಸಿದರೂ ಅದರ ಉಷ್ಣತೆ ಏರದು. ಶಾಖವೆಲ್ಲ ಆವಿಯ ಪಾಲಾಗುತ್ತದೆ. ಸಮುದ್ರಮಟ್ಟದಲ್ಲಿ 100 ಡಿಗ್ರಿ ಸೆಂಟಿಗ್ರೇಡಿನಲ್ಲಿ ಕುದಿಯುವ ನೀರು, ಎತ್ತರದ ಬೆಂಗಳೂರಿನಲ್ಲಿ ವಾಯುಭಾರ ಕಡಮೆಯಾದುದರಿಂದ ಸುಮಾರು 97ರಲ್ಲಿಯೇ ಕುದಿಯುತ್ತದೆ. ಮಂಗಳೂರಿನಿಂದ ಬಂದವರು ಇಲ್ಲಿಯ ಬೇಳೆಯನ್ನು ದೂರಿದರೆ, ತಪ್ಪೆಲ್ಲವೂ ಬೇಳೆಯದಲ್ಲ.

1679ರಲ್ಲಿ ಡೆನಿಸ್ ಪಾಪಿನ್ ಎಂಬ ಫ್ರೆಂಚ್ ವಿಜ್ಞಾನಿ ಆವಿಯನ್ನು ಬಂಧಿಸಿ ಬೇಯಿಸುವ ಪಾತ್ರೆಯೊಂದನ್ನು ರಚಿಸಿದನು. ಇಂದಿನ ಕುಕ್ಕರಿನ ತತ್ತ್ವವೂ ಅದೇ. ಒಳಗಿನ ಒತ್ತಡ ಸುಮಾರು ಇಮ್ಮಡಿಯಾಗಿ, ನೀರು 120 ಡಿಗ್ರಿಯ ಸಮೀಪದವರೆಗೆ ಕಾಯುತ್ತದೆ. ಈ ಮಿತಿಯನ್ನು ನಿರ್ಧರಿಸುವುದು ಮುಚ್ಚಳದ ಮೇಲಿನ ತೂಕವೇ ಹೊರತು ಉರಿಯಲ್ಲ. ಆದುದರಿಂದ ಮೊದಲ ಕೂಗಾದೊಡನೆ ಉರಿಯನ್ನು ತಗ್ಗಿಸಿರಿ. ಒತ್ತಡ ಇಳಿಯದಷ್ಟು ಸಣ್ಣ ಉರಿಯಲ್ಲಿಯೂ ಬೇಳೆ ಅಷ್ಟೇ ಬೇಗ ಬೇಯುವುದು, ಅನಿಲವೂ ಉಳಿಯುವುದು. ಬಳಿಕ ಆವಿ ತಾನಾಗಿ ಇಳಿಯುವವರೆಗೆ ಮುಚ್ಚಳ ತೆರೆಯಲಾಗದು; ಆ ಬಿಡುವಿನಲ್ಲಿ ಒಗ್ಗರಣೆ ಸಿದ್ಧವಾದೀತು.