ಲಾಲ್‌ಬಾಗ್

ಬೆಂಗಳೂರನ್ನು ಉದ್ಯಾನನಗರಿಯೆಂದು ಕರೆಯುವ ವಾಡಿಕೆಯುಂಟು. ಆ ಹೆಸರಿಗೆ ಕಾರಣವಾದ ತೋಟಗಳಲ್ಲಿ ಲಾಲ್‌ಬಾಗ್ ಮುಖ್ಯವಾದುದು. ಸುಮಾರು 240 ಎಕರೆ ವಿಸ್ತಾರದ ಈ ಸಸ್ಯೋದ್ಯಾನಕ್ಕೆ ಬಂದವರು ಬಹುಮಟ್ಟಿಗೆ ಹೂಗಳನ್ನು ಕಂಡು ಹಿಂದಿರುಗುತ್ತಾರೆ. ಆದರೆ ನಿಧಾನವಾಗಿ ನಡೆದು ನೋಡುವವರಿಗೆ ಇಲ್ಲಿ ಭೂಮಿಯ ಚರಿತ್ರೆಯೂ ನಾಡಿನ ಚರಿತ್ರೆಯೂ ಒಟ್ಟಿಗೆ ಗೋಚರಿಸುತ್ತವೆ.

ಮೊದಲು ಬಂಡೆಯನ್ನು ಏರೋಣ. ಇದು ನೈಸ್ ಎಂಬ ಜಾತಿಯ ಶಿಲೆ. ಇದರ ವಯಸ್ಸು ಸುಮಾರು 300 ಕೋಟಿ ವರ್ಷಗಳೆಂದು ಭೂವಿಜ್ಞಾನಿಗಳು ಹೇಳುತ್ತಾರೆ. ಆದುದರಿಂದಲೇ ಇದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿತವಾಗಿದೆ. ಬಂಡೆಯ ನೆತ್ತಿಯ ಮೇಲಿರುವ ಪುಟ್ಟ ಗೋಪುರವು ಕೆಂಪೇಗೌಡರ ಮನೆತನದ ಹೆಸರಿನೊಡನೆ ಸೇರಿಬಂದಿರುವ ನಾಲ್ಕು ಎಲ್ಲೆಗೋಪುರಗಳಲ್ಲಿ ಒಂದು. ಊರು ಇಲ್ಲಿಯವರೆಗೆ ಬೆಳೆದೀತೆಂದು ಅಂದಿನವರು ಎಣಿಸಿದ್ದರೆಂಬ ಮಾತುಂಟು. ಇಂದು ಅಲ್ಲಿ ನಿಂತರೆ ಕಣ್ಣು ಹರಿಯುವಷ್ಟು ದೂರವೂ ಊರೇ.

1760ರಲ್ಲಿ ಹೈದರಾಲಿಯು ಈ ತೋಟವನ್ನು ಆರಂಭಿಸಿದನು. ಅವನ ಮಗ ಟಿಪ್ಪು ಸುಲ್ತಾನನು ದೂರದೇಶಗಳಿಂದ ಸಸಿಗಳನ್ನೂ ಬೀಜಗಳನ್ನೂ ತರಿಸಿ ಅದನ್ನು ಬೆಳೆಸಿದನು. 1856ರಲ್ಲಿ ಅದು ಸರ್ಕಾರಿ ಸಸ್ಯೋದ್ಯಾನವಾಯಿತು. ಮುಂದೆ ಜಾನ್ ಕ್ಯಾಮೆರಾನ್, ಜರ್ಮನಿಯ ಕ್ರುಂಬಿಗಲ್, ನಮ್ಮವರೇ ಆದ ಜವರಾಯ ಹಾಗೂ ಮರಿಗೌಡ ಇವರು ಒಬ್ಬರಾದ ಮೇಲೊಬ್ಬರು ಅದಕ್ಕಾಗಿ ದುಡಿದರು. ಇಂದು ನಮ್ಮ ಅಡುಗೆಮನೆಗಳಲ್ಲಿ ಬಳಕೆಯಾಗುವ ಸೀಮೆಬದನೆಯನ್ನು ಬೆಂಗಳೂರಿಗೆ ಪರಿಚಯಿಸಿದವನು ಕ್ಯಾಮೆರಾನ್ ಎಂದು ಹೇಳುತ್ತಾರೆ.

ತೋಟದ ನಡುವೆ ಗಾಜಿನ ಮನೆಯಿದೆ. 1889ರಲ್ಲಿ ಇದಕ್ಕೆ ಅಡಿಗಲ್ಲು ಇಡಲಾಯಿತು. ಲಂಡನ್ನಿನ ಸ್ಫಟಿಕ ಅರಮನೆಯನ್ನು ನೆನಪಿಗೆ ತರುವ ಈ ಕಟ್ಟಡದ ಎರಕದ ಕಬ್ಬಿಣವು ಸ್ಕಾಟ್‌ಲೆಂಡಿನ ಗ್ಲಾಸ್ಗೋ ನಗರದಿಂದ ಬಂದಿತು. ಗಣರಾಜ್ಯೋತ್ಸವ ಮತ್ತು ಸ್ವಾತಂತ್ರ್ಯೋತ್ಸವಗಳ ಸಮಯದಲ್ಲಿ ಇಲ್ಲಿ ನಡೆಯುವ ಫಲಪುಷ್ಪ ಪ್ರದರ್ಶನವನ್ನು ನೋಡಲು ಜನಸಾಗರವೇ ಹರಿದುಬರುತ್ತದೆ. ಹೂಗಡಿಯಾರ, ಬ್ಯಾಂಡ್ ಮಂಟಪ, ದಕ್ಷಿಣದ ಕೆರೆ ಇವೂ ನೋಡತಕ್ಕವೇ.

ನಾನು ಉಪಾಧ್ಯಾಯನಾಗಿದ್ದಾಗ ಒಮ್ಮೆ ಮಕ್ಕಳನ್ನು ಇಲ್ಲಿಗೆ ಕರೆತಂದಿದ್ದೆನು. ಒಬ್ಬ ಹುಡುಗನು ಹೊಳೆಮತ್ತಿಯ ಮರವೊಂದರ ತೊಗಟೆಯ ಮೇಲೆ ಚಾಕುವಿನಿಂದ ತನ್ನ ಹೆಸರನ್ನು ಕೆತ್ತುತ್ತಿದ್ದನು. ನಾನು ಗದರಲಿಲ್ಲ.

“ಈ ಮರದ ಹೆಸರೇನಪ್ಪಾ?” ಎಂದು ಕೇಳಿದೆ.

“ಗೊತ್ತಿಲ್ಲ, ಸಾರ್.”

“ನೀನು ಅದರ ಹೆಸರನ್ನೇ ಕೇಳಲಿಲ್ಲ, ಅದು ಮಾತ್ರ ನಿನ್ನ ಹೆಸರನ್ನು ಹೊತ್ತಿರಬೇಕೆ?”

ಹುಡುಗನು ತಲೆ ತಗ್ಗಿಸಿದನು. ಎಲೆಗಳು ತಯಾರಿಸಿದ ಆಹಾರವು ಬೇರಿಗೆ ಇಳಿಯುವುದು ತೊಗಟೆಯ ಒಳಪದರದ ಮೂಲಕವೇ; ಅಲ್ಲಿ ಗಾಯವಾದರೆ ಶಿಲೀಂಧ್ರಗಳಿಗೆ ಬಾಗಿಲು ತೆರೆದಂತೆ ಎಂದು ಅವನಿಗೆ ವಿವರಿಸಿದೆ. ಅಂದು ಸಂಜೆ ಹಿಂದಿರುಗುವಾಗ ಅವನ ಪುಸ್ತಕದಲ್ಲಿ ಇಪ್ಪತ್ತು ಮರಗಳ ಹೆಸರುಗಳಿದ್ದವು. ಆದರೆ ಹೊಳೆಮತ್ತಿಯ ಮೇಲಿನ ಎರಡು ಅಕ್ಷರಗಳು ಹಾಗೆಯೇ ಉಳಿದವು.

ಸಸಿ ನೆಟ್ಟವರೆಲ್ಲರೂ ಅದರ ನೆರಳಿನಲ್ಲಿ ಕುಳಿತವರಲ್ಲ. ಅವರು ಬಿಟ್ಟುಹೋದ ನೆರಳಿನಲ್ಲಿ ನಾವು ಕುಳಿತಿದ್ದೇವೆ. ನಮ್ಮ ಮುಂದಿನವರಿಗೆ ನಾವು ಉಳಿಸಬೇಕಾದುದು ಮರವನ್ನೇ ಹೊರತು ಅದರ ಮೇಲೆ ನಮ್ಮ ಹೆಸರನ್ನಲ್ಲ.

ಪದಗಳ ಅರ್ಥ
ಗೋಚರಿಸು – ಕಾಣಿಸು. ನೆತ್ತಿ – ತುದಿ, ಶಿಖರ. ಎಲ್ಲೆ – ಗಡಿ, ಮೇರೆ. ಶಿಲೀಂಧ್ರ – ಅಣಬೆಯ ಜಾತಿಯ ಜೀವಿ, ಬೂಷ್ಟು.

ಅಭ್ಯಾಸ
1. ಲಾಲ್‌ಬಾಗಿನ ಬಂಡೆಯ ಮಹತ್ವವೇನು?
2. ತೊಗಟೆಯನ್ನು ಕೆತ್ತುವುದರಿಂದ ಮರಕ್ಕೆ ಆಗುವ ಹಾನಿಯನ್ನು ವಿವರಿಸಿರಿ.
3. ನಿಮ್ಮ ಶಾಲೆಯ ಸುತ್ತಲಿನ ಹತ್ತು ಮರಗಳ ಹೆಸರುಗಳನ್ನು ತಿಳಿದು ಬರೆಯಿರಿ.